ಅಮ್ಮನ ಕಣ್ಣಿಗೆ ಹಾಕಿಸಿದ ಸಾದಾ ಮೋನೋಫೋಕಲ್ ಲೆನ್ಸ್, ಒಂದು ವರ್ಷ ಆದ ಮೇಲೆ ಬರೆದ ರಿವ್ಯೂ

ಪೊರೆ ಆಪರೇಷನ್ ಮಾಡಿಸ್ಲಿಕ್ಕುಂಟು, ಯಾವ ಲೆನ್ಸ್ ಹಾಕಿಸುದು ಅಂತ ನಂಗೆ ಈಚೆಗೆ ನಾಲ್ಕೈದು ಜನ ಕೇಳಿದ್ರು, ಎಲ್ಲರಿಗೂ ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು, ಹಾಗಾಗಿ ಒಮ್ಮೆ ಕೂತು ಎಲ್ಲ ಬರೀತೇನೆ. ಮೋನೋಫೋಕಲ್ ಅಂದ್ರೆ ಒಂದೇ ದೂರಕ್ಕೆ ಸರಿಯಾಗಿ ಕಾಣಿಸುವ ಲೆನ್ಸ್. ಸ್ವಲ್ಪ ಉದ್ದ ಆಗ್ತದೆ, ಯಾಕಂದ್ರೆ ಇಂಥ ಲೆನ್ಸನ್ನು ಮೊದಲು ಕಂಡುಹಿಡಿದ ಡಾಕ್ಟ್ರ ಕತೆ ಹೇಳದೆ ಬರೀ ಲೆನ್ಸಿನ ಬಗ್ಗೆ ಹೇಳ್ಲಿಕ್ಕೆ ನಂಗೆ ಮನಸ್ಸು ಬರುದಿಲ್ಲ.

ನಮ್ಮ ಮನೆ ಉಡುಪಿ ಜಿಲ್ಲೆಯ ಶಂಕರಪುರದ ಹತ್ರ. ಮನೆ ಹಿಂದೆ ಮಲ್ಲಿಗೆ ಗಿಡ ಉಂಟು, ಅಮ್ಮ ಬೆಳಗ್ಗೆ ಮೊಗ್ಗು ಕೊಯ್ದು ಬಾಳೆನಾರಲ್ಲಿ ಕಟ್ಟಿ ಏಜೆಂಟರಿಗೆ ಕೊಡುದು, ನಾನು ಹುಟ್ಟುವ ಮೊದಲಿಂದ ಇದೇ ಕೆಲಸ. ಗೊತ್ತಿಲ್ಲದವರಿಗೆ ಹೇಳುದಾದ್ರೆ ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದ್ರೆ ಒಂದು ಅಟ್ಟೆ. ಅಮ್ಮ ಲೆಕ್ಕ ಬಾಯಲ್ಲಿ ಹಾಕುದಿಲ್ಲ, ಬೆರಳಲ್ಲೇ ಇರ್ತದೆ. ಎರಡು ವರ್ಷದ ಹಿಂದೆ ಒಂದು ದಿನ ಹೇಳ್ತಾರೆ, ಗಿಡಕ್ಕೆ ಎಂತದೋ ರೋಗ ಬಂದಿದೆ ಮಗಾ, ಹೂ ಎಲ್ಲ ಹಳದಿ ಹಳದಿ ಬರ್ತದೆ ಅಂತ. ಬುಡಕ್ಕೆ ನೆಲಗಡಲೆ ಹಿಂಡಿ ಹಾಕಿದ್ರು, ಗೊಬ್ಬರ ಹಾಕಿದ್ರು, ಕೃಷಿ ಗೊತ್ತಿದ್ದವರನ್ನು ಕರೆಸಿ ತೋರಿಸಿದ್ರು. ಬಂದವರು ಗಿಡ ನೋಡಿ ಎಂತ ಆಗ್ಲಿಲ್ಲ, ಚಂದ ಉಂಟಲ್ಲ ಅಂದ್ರು. ಏಜೆಂಟರೂ ಒಂದು ದಿನ ಕಂಪ್ಲೇಂಟ್ ಹೇಳಿದ್ದಿಲ್ಲ. ಹೂ ಬೆಳ್ಳಗೇ ಇತ್ತು, ಪೊರೆ ಬಂದು ಅಮ್ಮನ ಕಣ್ಣಿನ ಒಳಗಿನ ಲೆನ್ಸೇ ಹಳದಿ ಆಗಿತ್ತು. ಅದು ನಮಗೆ ಗೊತ್ತಾಗ್ಲಿಕ್ಕೆ ಮತ್ತೆ ಆರು ತಿಂಗಳು ಬೇಕಾಯ್ತು, ಆ ಆರು ತಿಂಗಳು ನೆನೆಸಿದ್ರೆ ಈಗ್ಲೂ ಬೇಜಾರಾಗ್ತದೆ.

ಮೊದಲು ಹೋದ ಒಂದು ಆಸ್ಪತ್ರೆಯಲ್ಲಿ ಡಾಕ್ಟ್ರು ಐದು ನಿಮಿಷ ನೋಡಿದ್ರು, ಆಮೇಲೆ ಕೌನ್ಸೆಲರ್ ಅಂತ ಒಬ್ಬರ ಟೇಬಲ್ ಮುಂದೆ ಕೂರಿಸಿದ್ರು. ಲ್ಯಾಮಿನೇಟ್ ಮಾಡಿದ ಒಂದು ಶೀಟು, ಮೇಲಿಂದ ಕೆಳಗೆ ರೇಟು. ಎಲ್ಲಕ್ಕಿಂತ ಕೆಳಗಿದ್ದ ಸಾದಾ ಲೆನ್ಸಿನ ಮೇಲೆ ಅವರು ಬೆರಳು ಇಡ್ಲೇ ಇಲ್ಲ. ಮಲ್ಟಿಫೋಕಲ್ ಹಾಕಿಸಿ, ದೂರದ್ದೂ ಹತ್ತಿರದ್ದೂ ಎರಡೂ ಕಾಣ್ತದೆ, ಕನ್ನಡಕವೇ ಬೇಡ, ಅಮ್ಮನಿಗೋಸ್ಕರ ಇಷ್ಟೂ ಖರ್ಚು ಮಾಡುದಿಲ್ವಾ ಅಂತ ಕೇಳಿದ್ರು. ಒಂದು ಕಣ್ಣಿಗೆ ₹65,000. ಅಮ್ಮ ಏನು ಕೆಲಸ ಮಾಡ್ತಾರೆ ಅಂತ ಆ ಟೇಬಲ್ಲಲ್ಲಿ ಯಾರೂ ಕೇಳ್ಲಿಲ್ಲ. ಅಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದ್ದು, ಕಣ್ಣಿನೊಳಗೆ ಪ್ಲಾಸ್ಟಿಕ್ ಇಡುದಾ, ಅದು ಅಲ್ಲೇ ಇರ್ತದಾ ಅಂತ. ಅದಕ್ಕೆ ಅವರು ನಕ್ಕು ಸುಮ್ಮನಾದ್ರು. ಅಮ್ಮ ಹೊರಗೆ ಬಂದು ಬಸ್ ಸ್ಟ್ಯಾಂಡ್ ವರೆಗೆ ಒಂದು ಮಾತಾಡ್ಲಿಲ್ಲ, ಮನೆಗೆ ಬಂದು ನಂಗೆ ಆಪರೇಷನ್ ಬೇಡ ಅಂದ್ರು.

ಎರಡನೇ ಕಡೆ ಅಕ್ಕ ಭಾವ ಒತ್ತಾಯ ಮಾಡಿ ಮಂಗಳೂರಿಗೆ ಕರ್ಕೊಂಡು ಹೋದ್ರು. ಆಸ್ಪತ್ರೆ ಹೆಸರು ಇಲ್ಲಿ ಹಾಕುದಿಲ್ಲ, ಇದು ಲೆನ್ಸಿನ ರಿವ್ಯೂ, ಒಳ್ಳೆ ಡಾಕ್ಟ್ರು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಲ್ಲಿಯ ಡಾಕ್ಟ್ರು ಪರೀಕ್ಷೆ ಎಲ್ಲ ಮುಗಿಸಿ ಮೊದಲು ಕೇಳಿದ್ದೇ, ಅಮ್ಮಾ ನೀವು ದಿನಾ ಎಂತ ಮಾಡುದು ಅಂತ. ಹೂ ಕಟ್ಟುದು ಅಂದದ್ದಕ್ಕೆ ಎಷ್ಟು ದೂರದಲ್ಲಿ ಹಿಡಿದು ಕಟ್ತೀರಿ ತೋರಿಸಿ ಅಂದ್ರು, ಅಮ್ಮ ಕೈಯಲ್ಲಿ ಹೂ ಇಲ್ಲದೆಯೇ ಮಡಿಲ ಮೇಲೆ ಕಟ್ಟಿ ತೋರಿಸಿದ್ರು. ಆಮೇಲೆ ಅದೇ ಪ್ಲಾಸ್ಟಿಕ್ ಪ್ರಶ್ನೆ ಬಂತು. ಈ ಡಾಕ್ಟ್ರು ನಗ್ಲಿಲ್ಲ. ಅಮ್ಮಾ, ಇದೇ ಪ್ರಶ್ನೆಯನ್ನು ಇದನ್ನು ಕಂಡುಹಿಡಿದವರಿಗೆ ಇಂಗ್ಲೆಂಡಿನ ದೊಡ್ಡ ದೊಡ್ಡ ಡಾಕ್ಟ್ರುಗಳೇ ಕೇಳಿದ್ರು ಅಂದ್ರು. ಹೆರಾಲ್ಡ್ ರಿಡ್ಲಿ ಅನ್ನುವ ಹೆಸರು ನಾನು ಕೇಳಿದ್ದು ಆವತ್ತೇ ಮೊದಲು. ಹತ್ತು ನಿಮಿಷ ಹೇಳಿದ್ರು, ಹೊರಗೆ ಪೇಷಂಟುಗಳು ಕಾಯ್ತಾ ಇದ್ರು, ಆದ್ರೂ ಹೇಳಿದ್ರು. ಮನೆಗೆ ಬಂದ ಮೇಲೆ ನಾನು ಸಿಕ್ಕಿದ್ದೆಲ್ಲ ಓದಿದೆ.

ರಿಡ್ಲಿ ಹುಟ್ಟಿದ್ದು 1906ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ಶೈರಲ್ಲಿ. ಅಪ್ಪನೂ ಕಣ್ಣಿನ ಸರ್ಜನ್. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆ ಮತ್ತೆ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ. ಎರಡನೇ ಮಹಾಯುದ್ಧದ ಟೈಮಲ್ಲಿ ಬ್ರಿಟಿಷ್ ಫೈಟರ್ ವಿಮಾನದ ಕಾಕ್‌ಪಿಟ್ ಮೇಲಿನ ಮುಚ್ಚಳ ಪರ್ಸ್‌ಪೆಕ್ಸ್ ಅನ್ನುವ ಅಕ್ರಿಲಿಕ್ ಪ್ಲಾಸ್ಟಿಕ್ಕಿಂದ ಮಾಡ್ತಿದ್ರು, ಗುಂಡು ತಾಗಿದ್ರೆ ಅದು ಒಡೆದು ಚೂರು ಪೈಲಟ್ಟಿನ ಕಣ್ಣಿಗೆ ಹೋಗ್ತಿತ್ತು. 1940ರ ಆಗಸ್ಟಲ್ಲಿ ಗಾರ್ಡನ್ ಕ್ಲೀವರ್ ಅನ್ನುವ ಹರಿಕೇನ್ ವಿಮಾನದ ಪೈಲಟ್ಟಿಗೆ ಹೀಗೇ ಆಯ್ತು, ಒಂದು ಕಣ್ಣು ಪೂರ್ತಿ ಹೋಯ್ತು, ಇನ್ನೊಂದು ಕಣ್ಣಲ್ಲಿ ಚೂರುಗಳು ಉಳಿದುಕೊಂಡ್ವು. ಸಾಮಾನ್ಯವಾಗಿ ಕಣ್ಣೊಳಗೆ ಹೊರಗಿನ ವಸ್ತು ಹೋದ್ರೆ ಕಣ್ಣು ಕೆಂಪಾಗಿ ಊದಿ ಹಾಳಾಗಿ ಹೋಗ್ತದೆ. ಇಲ್ಲಿ ಹಾಗಾಗ್ಲಿಲ್ಲ, ಚೂರುಗಳು ಕಣ್ಣೊಳಗೆ ತಮ್ಮಷ್ಟಕ್ಕೆ ಕೂತಿದ್ವು, ವರ್ಷ ಕಳೆದ್ರೂ ಕಣ್ಣು ಅದನ್ನು ಬೇಡ ಅನ್ಲಿಲ್ಲ. ಅಂಥ ಕಣ್ಣುಗಳನ್ನು ಎಷ್ಟೋ ಡಾಕ್ಟ್ರು ನೋಡಿರ್ಬಹುದು, ರಿಡ್ಲಿ ಮಾತ್ರ ನೋಡಿದ್ದನ್ನು ತಲೆಯಲ್ಲಿ ಇಟ್ಟುಕೊಂಡ್ರು.

ಯುದ್ಧ ಮುಗಿದ ಮೇಲೆ ಒಂದು ದಿನ ಅವರು ಪೊರೆ ತೆಗೆಯುವಾಗ ಪಕ್ಕದಲ್ಲಿ ನಿಂತು ನೋಡ್ತಿದ್ದ ಸ್ಟೀವನ್ ಪೆರ್ರಿ ಅನ್ನುವ ಸ್ಟೂಡೆಂಟ್, ಹಾಳಾದ ಲೆನ್ಸ್ ತೆಗೆದ್ರಿ, ಅದರ ಜಾಗಕ್ಕೆ ಬೇರೆ ಇಡುದಿಲ್ವಲ್ಲ, ಪಾಪ ಅನ್ನುವ ಹಾಗೆ ಏನೋ ಹೇಳಿದ್ರಂತೆ. ಮಕ್ಕಳು ಕೇಳುವ ಹಾಗಿನ ಪ್ರಶ್ನೆ. ಬೇರೆಯವರಾದ್ರೆ ಗದರಿಸಿ ಬಿಡ್ತಿದ್ರು. ರಿಡ್ಲಿ ಆ ಪ್ರಶ್ನೆಯನ್ನೂ ಪೈಲಟ್ಟುಗಳ ಕಣ್ಣಿನ ಚೂರನ್ನೂ ಒಟ್ಟಿಗೆ ಇಟ್ಟು ಯೋಚನೆ ಮಾಡಿದ್ರು. ಲೆನ್ಸ್ ಮಾಡುವ ರೇನರ್ ಕಂಪನಿಯ ಜಾನ್ ಪೈಕ್ ಅನ್ನುವವರ ಹತ್ರ ಮಾತಾಡಿದ್ರು, ಆ ಪ್ಲಾಸ್ಟಿಕ್ ಮಾಡ್ತಿದ್ದ ಐಸಿಐ ಕಂಪನಿ ಕಣ್ಣಿಗಂತಲೇ ಇನ್ನೂ ಶುದ್ಧ ಮಾಡಿದ ಪರ್ಸ್‌ಪೆಕ್ಸ್ ಕೊಟ್ಟಿತು, ರೇನರ್‌ನವರು ಲೆನ್ಸ್ ಕಡೆದು ಕೊಟ್ರು. ಇದರಿಂದ ನಂಗೆ ದುಡ್ಡು ಬೇಡ ಅಂತ ರಿಡ್ಲಿ ಮೊದಲೇ ಹೇಳಿದ್ರು, ಕಡೆವರೆಗೂ ರಾಯಲ್ಟಿ ತಗೊಳ್ಳಲಿಲ್ಲ. ₹65,000 ಅಂತ ಬರೆದ ಆ ಶೀಟು ನೋಡಿ ಬಂದ ನಂಗೆ ಇದನ್ನು ಓದುವಾಗ ಎಂತ ಅನ್ನಿಸಿರ್ಬಹುದು ನೀವೇ ಹೇಳಿ.

1949 ನವೆಂಬರ್ 29ಕ್ಕೆ ಸೇಂಟ್ ಥಾಮಸಲ್ಲಿ 45 ವರ್ಷದ ಒಬ್ಬ ಹೆಂಗಸಿನ ಕಣ್ಣಲ್ಲಿ ಮೊದಲ ಸಲ ಲೆನ್ಸ್ ಇಟ್ಟು ನೋಡಿದ್ರು, ಖಾಯಂ ಆಗಿ ಬಿಟ್ಟದ್ದು 1950 ಫೆಬ್ರವರಿ 8ಕ್ಕೆ. ಹೊರಗೆ ಯಾರಿಗೂ ಹೇಳ್ಲಿಲ್ಲ, ರಿಸಲ್ಟ್ ಸರಿಯಾಗಿ ನೋಡಿ ಆಮೇಲೆ ಹೇಳುವ ಅಂತ. ಆದ್ರೆ ಅವರ ಪೇಷಂಟ್ ಒಬ್ಬರು ಗೊತ್ತಿಲ್ಲದೆ ಅದೇ ರಿಡ್ಲಿ ಹೆಸರಿನ ಇನ್ನೊಬ್ಬ ಕಣ್ಣಿನ ಡಾಕ್ಟ್ರ ಹತ್ರ ಹೋಗಿ ಸುದ್ದಿ ಹೊರಗೆ ಬಿತ್ತು. 1951ರಲ್ಲಿ ಆಕ್ಸ್‌ಫರ್ಡಿನ ಕಾನ್ಫರೆನ್ಸಿಗೆ ಲೆನ್ಸ್ ಹಾಕಿದ ಪೇಷಂಟುಗಳನ್ನೇ ಕರ್ಕೊಂಡು ಹೋದ್ರು, ಬನ್ನಿ ನೀವೇ ನೋಡಿ ಅಂತ. ಆಗ ಬ್ರಿಟನ್ನಿನಲ್ಲಿ ಕಣ್ಣಿನ ವಿಷಯಕ್ಕೆ ಕಡೇ ಮಾತು ಅನ್ನಿಸಿಕೊಂಡಿದ್ದ ಸರ್ ಸ್ಟೂವರ್ಟ್ ಡ್ಯೂಕ್-ಎಲ್ಡರ್ ಆ ಪೇಷಂಟುಗಳ ಕಣ್ಣು ನೋಡ್ಲಿಕ್ಕೂ ಒಪ್ಪಲಿಲ್ಲ. ಕಣ್ಣಿನ ಸರ್ಜನ್ ಕೆಲಸ ಕಣ್ಣೊಳಗೆ ಹೋದ ವಸ್ತು ತೆಗೆಯುದು, ಇವನು ಒಳಗೆ ಇಡ್ತಾನೆ, ಇದು ಅವರೆಲ್ಲರ ವಾದ. ನಮ್ಮಮ್ಮ ಕೇಳಿದ್ದೂ ಅದೇ ತಾನೇ, ಆದ್ರೆ ನಮ್ಮಮ್ಮ ಉತ್ತರ ಕೇಳ್ಲಿಕ್ಕೆ ಕೂತಿದ್ರು, ಇವರು ಕೂರ್ಲಿಲ್ಲ.

ರಿಡ್ಲಿ ಲೆನ್ಸಲ್ಲಿ ತಪ್ಪು ಇರ್ಲಿಲ್ಲ ಅಂತಲ್ಲ. ದಪ್ಪ ಇತ್ತು, ಭಾರ ಇತ್ತು, ಕೆಲವರಲ್ಲಿ ಜಾಗ ಬಿಟ್ಟು ಜಾರಿತು, ಕೆಲವರ ಕಣ್ಣು ಊದಿತು. ಮೊದಲ ಪೇಷಂಟಿಗೆ ಪವರ್ ಲೆಕ್ಕ ತಪ್ಪಿ ದೂರದ್ದು ಕಾಣದಷ್ಟು ಜೋರು ಮೈನಸ್ ಬಂತು. ಆಗಿನ ದಾರ, ಆಗಿನ ಮೈಕ್ರೋಸ್ಕೋಪ್ ಎಲ್ಲ ಈಗಿನ ಹಾಗೆ ಅಲ್ಲ. ಅಷ್ಟಾದ್ರೂ ಎಷ್ಟೋ ಪೇಷಂಟುಗಳಿಗೆ ಹತ್ತಾರು ವರ್ಷ ಚಂದ ಕಂಡಿತು. ಆದ್ರೆ ಸುತ್ತಲಿನವರು ಬಿಡ್ಲಿಲ್ಲ, ವರ್ಷಗಟ್ಟಲೆ ಆಡಿಕೊಂಡ್ರು, ಮನುಷ್ಯ ಡಿಪ್ರೆಶನ್ನಿಗೆ ಹೋದ್ರು. ಅವರ ಶಿಷ್ಯ ಪೀಟರ್ ಚಾಯ್ಸ್ ಮತ್ತೆ ಬೇರೆ ದೇಶದ ಕೆಲವು ಸರ್ಜನ್ನುಗಳು ಕೈ ಬಿಡದೆ ಸರಿ ಮಾಡ್ತಾ ಮಾಡ್ತಾ ಬಂದ್ರು. ಅಮೆರಿಕದಲ್ಲಿ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಅಲ್ಟ್ರಾಸೌಂಡಿಂದ ಪೊರೆಯನ್ನು ಪುಡಿ ಮಾಡಿ ಹೀರಿ ತೆಗೆಯುವ ಫೇಕೋ ತಂದ್ರು, ಆಮೇಲೆ ಮಡಚುವ ಲೆನ್ಸ್ ಬಂತು. ರಿಡ್ಲಿಗೆ 1986ರಲ್ಲಿ ರಾಯಲ್ ಸೊಸೈಟಿ ಫೆಲೋ ಅಂತ ಮಾಡಿದ್ರು, 2000ದಲ್ಲಿ ಸರ್ ಪದವಿ ಸಿಕ್ಕಿತು, ಆಗ ವಯಸ್ಸು 93. ಮರುವರ್ಷ ತೀರಿಕೊಂಡ್ರು. ನಡುವೆ ಅವರ ಕಣ್ಣಿಗೂ ಪೊರೆ ಬಂದಿತ್ತು, ಅದೇ ಸೇಂಟ್ ಥಾಮಸಲ್ಲಿ ಅವರಿಗೂ ಲೆನ್ಸ್ ಹಾಕಿದ್ರು. ಆ ಪೈಲಟ್ ಕ್ಲೀವರಿಗೂ ವಯಸ್ಸಾದ ಮೇಲೆ ಉಳಿದ ಒಂದು ಕಣ್ಣಿಗೆ ಪೊರೆ ಬಂದು ಲೆನ್ಸ್ ಹಾಕಿಸಿಕೊಂಡು ಕಂಡಿತಂತೆ. ಇದನ್ನು ಅಮ್ಮನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಹಾಗಾದ್ರೆ ಡೇಟ್ ತಗೋ ಅಂದ್ರು.

ಲೆನ್ಸ್ ಇಲ್ಲದ ಕಾಲ ಎಂತದು ಅಂತ ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಅಜ್ಜನಿಗೆ ಶಾಲೆಯಲ್ಲಿ ನಡೆದ ಕ್ಯಾಂಪಲ್ಲಿ ಪೊರೆ ತೆಗೆದದ್ದು. ಕಣ್ಣಿನ ಡಾಕ್ಟ್ರು ಎಂ.ಸಿ. ಮೋದಿಯವರ ಹೆಸರು ಕೇಳದವರು ಆಗ ಕರ್ನಾಟಕದಲ್ಲಿ ಇರ್ಲಿಲ್ಲ, ಊರೂರಿಗೆ ಹೋಗಿ ಸಾವಿರಗಟ್ಟಲೆ ಜನರ ಪೊರೆ ತೆಗೆದ ಪುಣ್ಯಾತ್ಮ ಅವರು, ಅವರನ್ನು ನೋಡಿ ಎಷ್ಟೋ ಕ್ಯಾಂಪ್ ನಡೀತಿತ್ತು. ಅಂಥ ಕ್ಯಾಂಪಲ್ಲಿ ಪೊರೆ ತೆಗೀತಿದ್ರು, ಲೆನ್ಸ್ ಇಡ್ತಿರ್ಲಿಲ್ಲ, ಬದಲಿಗೆ ಸೋಡಾಬುಡ್ಡಿ ಕನ್ನಡಕ. ಅದರಲ್ಲಿ ಎಲ್ಲ ವಸ್ತು ಸುಮಾರು ಕಾಲು ಪಾಲು ದೊಡ್ಡದಾಗಿ ಹತ್ತಿರ ಬಂದ ಹಾಗೆ ಕಾಣ್ತದೆ, ಅಜ್ಜ ಚಾ ಗ್ಲಾಸಿಗೆ ಕೈ ಹಾಕಿದ್ರೆ ಕೈ ಗ್ಲಾಸಿಗಿಂತ ಈಚೆಯೇ ನಿಲ್ತಿತ್ತು. ಬದಿಯಿಂದ ಯಾರಾದ್ರೂ ಬಂದ್ರೆ ಕಾಣ್ತಿರ್ಲಿಲ್ಲ, ತಟ್ಟಂತ ಎದುರು ಬಂದು ನಿಂತ ಹಾಗೆ ಆಗಿ ಬೆಚ್ಚಿ ಬೀಳ್ತಿದ್ರು. ಕನ್ನಡಕ ತೆಗೆದು ಎಲ್ಲಿಟ್ಟೆ ಅಂತ ಹುಡುಕ್ಲಿಕ್ಕೆ ಕನ್ನಡಕ ಬೇಕು. ಮೂಗಿನ ಮೇಲೆ ಎರಡು ಗಾಯ ಯಾವಾಗ್ಲೂ ಇತ್ತು. ಅಜ್ಜ ಅದನ್ನೂ ದೇವರು ಕೊಟ್ಟದ್ದು ಅಂತ ಕೈ ಮುಗಿದು ಹಾಕ್ತಿದ್ರು, ಯಾಕಂದ್ರೆ ಅದಕ್ಕೂ ಮೊದಲು ಏನೂ ಕಾಣ್ತಿರ್ಲಿಲ್ಲ.

ಈಗ ಲೆನ್ಸಿಗೆ ಬರುವ. ನಾವು ಹಾಕಿಸಿದ್ದು ಮಡಚುವ ಅಕ್ರಿಲಿಕ್ ಮೋನೋಫೋಕಲ್, ಪರ್ಸ್‌ಪೆಕ್ಸಿನದ್ದೇ ಕುಟುಂಬದ ಪ್ಲಾಸ್ಟಿಕ್, ಮೆತ್ತಗೆ ಮಾಡಿದ್ದು ಅಷ್ಟೇ. ನಡುವಿನ ನೋಡುವ ಭಾಗ 6 ಮಿ.ಮೀ., ಎರಡು ಬದಿಗೆ ಕೊಕ್ಕೆ ಹಾಗೆ ಎರಡು ಕಾಲು, ಕಾಲು ಸೇರಿ 13 ಮಿ.ಮೀ. ಹತ್ರ. ಸುರುಳಿ ಸುತ್ತಿ ಸಿರಿಂಜಿನ ಹಾಗಿನದರಲ್ಲಿ ತುಂಬಿಸಿ 3 ಮಿ.ಮೀ.ಗಿಂತ ಸಣ್ಣ ತೂತಲ್ಲಿ ಒಳಗೆ ಬಿಡುದು, ಒಳಗೆ ಹೋಗಿ ತಾನೇ ಬಿಚ್ಚಿಕೊಳ್ತದೆ, ಹೊಲಿಗೆ ಇಲ್ಲ. ಒಂದು ಕಣ್ಣಿಗೆ ಎಲ್ಲ ಸೇರಿ ₹28,000 ಆಯ್ತು. ಕ್ಯಾಂಪಲ್ಲಿ ಮಡಚದ ಗಟ್ಟಿ ಲೆನ್ಸ್ ಹಾಕ್ತಾರಲ್ಲ, ಅದರ ಬಗ್ಗೆಯೂ ಕೀಳಾಗಿ ಮಾತಾಡ್ಬೇಡಿ, ಅದು ರಿಡ್ಲಿಯದ್ದೇ ಪ್ಲಾಸ್ಟಿಕ್, ಗಾಯ ಸ್ವಲ್ಪ ದೊಡ್ಡದು, ದೃಷ್ಟಿ ಒಳ್ಳೆದೇ ಬರ್ತದೆ. ಮದುರೈಯ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ಶುರು ಮಾಡಿ ಲೆನ್ಸ್ ಇಲ್ಲೇ ತಯಾರು ಮಾಡಿದ್ದರಿಂದ ಬಡವರ ಕಣ್ಣಿಗೂ ಲೆನ್ಸ್ ಬಂತು, ಮೊದಲು ಹೆಚ್ಚಾಗಿ ವಿದೇಶದಿಂದ ಬರ್ಬೇಕಿತ್ತು.

ಲೆನ್ಸಿಗಿಂತ ಮುಖ್ಯ ಅದಕ್ಕೆ ಮೊದಲು ಮಾಡುವ ಅಳತೆ. ಕಣ್ಣಿನ ಉದ್ದ ಬೆಳಕಿನ ಮೆಷಿನಲ್ಲಿ ಅಳೀತಾರೆ, 1 ಮಿ.ಮೀ. ತಪ್ಪಿದ್ರೆ ಪವರ್ ಎರಡೂವರೆ ಮೂರು ತಪ್ತದೆ. ರಿಡ್ಲಿಗೆ ಇಂಥ ಮೆಷಿನ್ ಇರ್ಲಿಲ್ಲ. ಅಮ್ಮನ ಅಳತೆಯನ್ನು ಎರಡು ಸಲ ಮಾಡಿದ್ರು, ಯಾಕಂದ್ರೆ ಪೊರೆ ದಪ್ಪ ಇದ್ದು ಮೊದಲ ಸಲ ಸರಿ ಬರ್ಲಿಲ್ಲ. ಎರಡನೇ ಸಲ ಮಾಡಿ ಅಂತ ನೀವೂ ಧೈರ್ಯವಾಗಿ ಕೇಳಿ.

ಆಪರೇಷನ್ ದಿನ ಹೆಚ್ಚು ಹೇಳ್ಲಿಕ್ಕೆ ಇಲ್ಲ. ಡ್ರಾಪ್ಸ್ ಹಾಕಿ ಹಾಕಿ ಪಾಪೆ ದೊಡ್ಡ ಮಾಡಿದ್ರು, ಇಂಜೆಕ್ಷನ್ ಇಲ್ಲ, ಮರಗಟ್ಟುವ ಡ್ರಾಪ್ಸ್ ಮಾತ್ರ. ಒಳಗೆ ಹೋಗಿ ಹೊರಗೆ ಬರ್ಲಿಕ್ಕೆ ಅರ್ಧ ಗಂಟೆ. ಬಣ್ಣ ಬಣ್ಣದ ಲೈಟ್ ಕಂಡಿತು, ಭೂತಕೋಲದ ರಾತ್ರಿ ಹಾಗೆ ಅಂದ್ರು ಅಮ್ಮ. ಸಂಜೆ ಮನೆ.

ಮರುದಿನ ಮುಚ್ಚಳ ತೆಗೆದು ತೋರಿಸಿ ಬಂದು ಮನೆ ಹಿಂದೆ ಹೋದ್ರು. ಹೂ ಕೊಯ್ಲಿಕ್ಕೆ ಬಿಡ್ಲಿಲ್ಲ, ನೋಡ್ಲಿಕ್ಕೆ ಮಾತ್ರ. ಒಂದು ಮೊಗ್ಗು ಹಿಡಿದು, ಆಪರೇಷನ್ ಆಗದ ಕಣ್ಣು ಮುಚ್ಚಿ ನೋಡಿದ್ರು, ಆಮೇಲೆ ಆದ ಕಣ್ಣು ಮುಚ್ಚಿ ನೋಡಿದ್ರು, ಮತ್ತೆ ಹಾಗೇ ಮಾಡಿದ್ರು. ಒಂದರಲ್ಲಿ ಚಾ ಬಣ್ಣ, ಒಂದರಲ್ಲಿ ಮಲ್ಲಿಗೆ. ‘ಏತ್ ಬೊಳ್ದು’ ಅಂದ್ರು, ಎಷ್ಟು ಬೆಳ್ಳಗೆ ಅಂತ. ಆಮೇಲೆ ಅತ್ತರು. ಹಿಂಡಿಗೆ ಹಾಕಿದ ದುಡ್ಡು ಎಲ್ಲ ದಂಡ ಮಾಡಿದೆ, ಪಾಪ ಗಿಡಕ್ಕೆ ಸುಮ್ಮನೆ ಬೈದೆ ಅಂತ. ಎರಡನೇ ಕಣ್ಣಿಗೆ ಒಂದು ತಿಂಗಳು ಬಿಟ್ಟು ಮಾಡಿದ್ದು, ಆ ಒಂದು ತಿಂಗಳೂ ದಿನಾ ಒಂದೊಂದು ಕಣ್ಣು ಮುಚ್ಚಿ ಸೀರೆ, ಗೋಡೆ, ಅಕ್ಕಿ, ಮೊಮ್ಮಗಳ ಯೂನಿಫಾರಂ ಎಲ್ಲ ನೋಡ್ತಿದ್ರು.

ಎರಡನೇ ಕಣ್ಣಲ್ಲಿ ಡಾಕ್ಟ್ರು ಒಂದು ಕೆಲಸ ಮಾಡಿದ್ರು, ಅದು ನಂಗೆ ಎಲ್ಲಕ್ಕಿಂತ ಹಿಡಿಸಿತು. ಮೊದಲ ಕಣ್ಣನ್ನು ದೂರಕ್ಕೆ ಸೆಟ್ ಮಾಡಿದ್ರು. ಎರಡನೆಯದಕ್ಕೆ ಅದೇ ಸಾದಾ ಲೆನ್ಸ್, ಪವರ್ ಮಾತ್ರ ಸ್ವಲ್ಪ ಬೇರೆ ಹಾಕಿ ಹತ್ತಿರದ್ದು ಕಾಣುವ ಹಾಗೆ, ಸುಮಾರು ಒಂದೂಕಾಲು ಮೈನಸ್ ಉಳಿಸಿದ್ರು. ಎರಡು ಕಣ್ಣು ಸೇರಿ ಮೆದುಳು ಹೊಂದಿಸಿಕೊಳ್ತದೆ, ಎರಡು ಮೂರು ವಾರ ಬೇಕಾಯ್ತು. ಈಗ ಹಗಲಲ್ಲಿ ಅಂಗಳದಲ್ಲಿ ಕೂತು ಕನ್ನಡಕ ಇಲ್ಲದೆ ಹೂ ಕಟ್ತಾರೆ. ಒಂದು ಪೈಸೆ ಹೆಚ್ಚು ಖರ್ಚಿಲ್ಲ, ದಿನಾ ಎಂತ ಮಾಡುದು ಅಂತ ಕೇಳಿದ್ದಕ್ಕೆ ಆದದ್ದು ಇದು. ಎಲ್ಲರಿಗೂ ಇದು ಹೊಂದುದಿಲ್ಲ, ರಾತ್ರಿ ಡ್ರೈವಿಂಗ್ ಮಾಡುವವರು ಮೊದಲು ಡಾಕ್ಟ್ರ ಹತ್ರ ಸರಿಯಾಗಿ ಮಾತಾಡ್ಬೇಕು.

ಸರಿ ಇಲ್ಲದ್ದೂ ಹೇಳ್ಬೇಕಲ್ಲ. ಸಾದಾ ಲೆನ್ಸಲ್ಲಿ ಸಣ್ಣ ಅಕ್ಷರ ಕಾಣುದಿಲ್ಲ, ಅಮ್ಮನಿಗೆ ಪೇಪರ್ ಓದ್ಲಿಕ್ಕೆ, ಸೂಜಿಗೆ ನೂಲು ಹಾಕ್ಲಿಕ್ಕೆ, ಸಂಜೆ ಲೈಟ್ ಕಮ್ಮಿ ಇದ್ದಾಗ ಓದುವ ಕನ್ನಡಕ ಬೇಕು. ಮೊದಲ ಒಂದೂವರೆ ತಿಂಗಳು ಎದುರಿಂದ ಬರುವ ಬೈಕ್ ಲೈಟಿನ ಸುತ್ತ ಬಳೆ ಹಾಗೆ ಕಾಣ್ತಿತ್ತು, ಈಗ ಇಲ್ಲ. ಕಣ್ಣಲ್ಲಿ ಮರಳು ಇದ್ದ ಹಾಗೆ ಚುಚ್ಚುದು ಮೂರು ತಿಂಗಳು ಇತ್ತು. ಡ್ರಾಪ್ಸ್ ದೊಡ್ಡ ತಲೆನೋವು, ಒಂದು ವಾರ ದಿನಕ್ಕೆ ಆರು ಸಲ, ಮತ್ತೆ ಐದು, ಮತ್ತೆ ನಾಲ್ಕು ಹೀಗೆ ಇಳಿಸ್ತಾ ಬರುದು, ಒಂದು ಡ್ರಾಪ್ಸ್ ಆಗಿ ಐದು ಹತ್ತು ನಿಮಿಷ ಬಿಟ್ಟು ಇನ್ನೊಂದು. ನಾನು ಗೋಡೆಗೆ ಚಾರ್ಟ್ ಬರೆದು ಅಂಟಿಸಿದೆ, ಮೊಮ್ಮಗಳು ಟಿಕ್ ಹಾಕುದು, ಅದಿಲ್ಲದಿದ್ರೆ ಖಂಡಿತ ತಪ್ತಿತ್ತು. ತಲೆಗೆ ನೀರು ಹಾಕುವ ಹಾಗಿಲ್ಲ, ಎಣ್ಣೆ ಹಚ್ಚಿ ಮಿಂದೇ ಆಗ್ಬೇಕು ಅನ್ನುವ ಅಮ್ಮನನ್ನು ಅಷ್ಟು ದಿನ ತಡೆಯುದು ಸುಲಭ ಅಲ್ಲ. ಸೌದೆ ಒಲೆ ಹತ್ರ ಹೋಗ್ಲಿಕ್ಕಿಲ್ಲ.

ಕೆಲವರಿಗೆ ವರ್ಷಗಳ ನಂತರ ಮತ್ತೆ ಮಂಜಾಗ್ತದೆ, ಪೊರೆ ಮತ್ತೆ ಬಂತು ಅಂತ ಹೆದರ್ತಾರೆ. ಅದು ಪೊರೆ ಅಲ್ಲ, ಲೆನ್ಸ್ ಹಿಂದಿನ ತೆಳು ಚೀಲ ಮಂಜಾಗುದು, ಯಾಗ್ ಲೇಸರಲ್ಲಿ ಕೂತಲ್ಲೇ ಕೆಲವು ನಿಮಿಷದಲ್ಲಿ ಸರಿ ಮಾಡ್ತಾರೆ. ಅಮ್ಮನಿಗೆ ಇಷ್ಟರವರೆಗೆ ಬರ್ಲಿಲ್ಲ.

ರೇಟಿಂಗ್ ಕೇಳಿದ್ರೆ ಲೆನ್ಸಿಗೆ ಐದಕ್ಕೆ ಐದು. ಮಲ್ಟಿಫೋಕಲ್ ಕೆಟ್ಟದ್ದು ಅಂತ ನಾನು ಹೇಳುದಿಲ್ಲ, ಹೊಂದುವವರಿಗೆ ಹೊಂದ್ತದೆ, ಆದ್ರೆ ಬೆಳಕು ಹಂಚಿ ಹೋಗುದರಿಂದ ಸ್ವಲ್ಪ ಮಸುಕು, ರಾತ್ರಿ ಲೈಟಿನ ಸುತ್ತ ಬಳೆ ಹೆಚ್ಚು ಅಂತ ಡಾಕ್ಟ್ರೇ ಹೇಳಿದ್ರು. ಹೆಚ್ಚು ದುಡ್ಡು ಕೊಡ್ಲಿಲ್ಲ ಅಂದ್ರೆ ಅಪ್ಪ ಅಮ್ಮನ ಮೇಲೆ ಪ್ರೀತಿ ಇಲ್ಲ ಅನ್ನುವ ಹಾಗೆ ಮಾತಾಡುವ ಟೇಬಲ್ಲಿಂದ ಎದ್ದು ಬನ್ನಿ.

ಡಿಸ್ಚಾರ್ಜ್ ಆಗುವಾಗ ಲೆನ್ಸ್ ಕಾರ್ಡ್ ಕೇಳಿ ತಗೊಳ್ಳಿ, ಲೆನ್ಸಿನ ಹೆಸರು, ಪವರ್, ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಅದರಲ್ಲಿ ಇರ್ತದೆ, ನಾಳೆ ಬೇರೆ ಊರಲ್ಲಿ ತೋರಿಸ್ಬೇಕಾದ್ರೂ ಬೇಕಾಗ್ತದೆ. ಅಮ್ಮ ಅದನ್ನು ರೇಷನ್ ಕಾರ್ಡ್ ಒಟ್ಟಿಗೆ ಡಬ್ಬದಲ್ಲಿ ಇಟ್ಟಿದ್ದಾರೆ, ಹಿಂದೆ ರಿಡ್ಲಿ ಅಂತ ಕನ್ನಡದಲ್ಲಿ ಬರೆಸಿಕೊಂಡಿದ್ದಾರೆ ನನ್ನ ಹತ್ರ. ಮತ್ತೆ ಹೂವಿನವರಿಗೆ ಒಂದು ಮಾತು, ಮದುವೆ ಸೀಸನ್ನಿಗೆ ಸರಿಯಾಗಿ ಡೇಟ್ ತಗೊಳ್ಬೇಡಿ, ಒಂದು ಕಣ್ಣಿಗೆ ಒಂದು ತಿಂಗಳಾದ್ರೂ ಬಗ್ಗಿ ಕೊಯ್ಯುವ ಕೆಲಸ ಬೇರೆಯವರು ಮಾಡ್ಬೇಕಾಗ್ತದೆ, ನಮ್ಮಲ್ಲಿ ಅಕ್ಕ ಬಂದು ನಿಂತ್ರು.